ಖಾತ್ರಿ ಬೆಳೆ ಯಾರ ಲೆಕ್ಕಕ್ಕೆ?

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ ಹಿರಿಯರು. ಕಬ್ಬಿನ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಘಟಪ್ರಭಾ ಕಾಲುವೆಯ ನೀರು ಹಾಯುವ ನಮ್ಮ ಮನೆತನದ ಹೊಲದಲ್ಲಿ ಮೂವತ್ತು ವರ್ಷದಿಂದ ಕಬ್ಬೇ ಇದೆ. ನನ್ನ ಕಾಲೇಜಿನ ಫೀಜು, ತಂಗಿಯ ಮದುವೆ, ಅವ್ವನ ಕಣ್ಣಿನ ಆಪರೇಷನ್ ಎಲ್ಲವೂ ಕಬ್ಬಿನ ಬಿಲ್ಲಿನಿಂದಲೇ ಆದವು. ಬೆಂಗಳೂರಿನಲ್ಲಿ ಕೂತು ತಿಂಗಳ ಸಂಬಳದಲ್ಲಿ ಬದುಕುವ ನನಗೆ ಕಬ್ಬಿನ ಕೆಡುಕುಗಳ ಪಟ್ಟಿ ಮಾಡುವುದು ಸುಲಭ. ಆ ಪಟ್ಟಿಯನ್ನು ಊರಿನಲ್ಲಿ ಕಬ್ಬು ಹಚ್ಚುವ ಅಣ್ಣನ ಮುಂದೆ ಓದುವುದು ಕಷ್ಟ. ಆದರೂ ಎಣಿಸಲೇಬೇಕಾದ ಜಂತೆಗಳು ಕೆಲವಿವೆ. ತಮ್ಮ ತಮ್ಮ ಸಂಸಾರಕ್ಕಾಗಿ ಎಲ್ಲರೂ ವಿವೇಕದಿಂದಲೇ ನಡೆದುಕೊಂಡಿರುವಾಗ, ಆ ವಿವೇಕಗಳೆಲ್ಲ ಸೇರಿ ಮತ್ತೊಬ್ಬರ ಬದುಕನ್ನು ಕೆಡಿಸಿದರೆ ಹೊಣೆ ಯಾರದು? ಈ ಬರಹದಲ್ಲಿ ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದೊಂದೇ.

ಬೇಸಿಗೆಯಲ್ಲಿ ನದಿಗಳು ಬತ್ತಿದ ಸುದ್ದಿ ಬಂದಾಗಲೆಲ್ಲ ನಗರದ ಗೆಳೆಯರು ಒಂದು ಮಾತು ಆಡುತ್ತಾರೆ: ಇಷ್ಟು ನೀರು ಕುಡಿಯುವ ಬೆಳೆಯನ್ನು ಈ ರೈತರು ಯಾಕೆ ಬಿಡುವುದಿಲ್ಲ, ಎಲ್ಲ ದುರಾಸೆ. ಈ ಮಾತನ್ನು ಒಮ್ಮೆ ಅಣ್ಣನಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ತಮ್ಮಾ, ಜ್ವಾಳಾ ಬೆಳದ್ರ ಸಂತ್ಯಾಗ ಏನು ರೇಟು ಅಂತ ದಲ್ಲಾಳಿಗೇ ಗೊತ್ತಿರೂದಿಲ್ಲ. ಉಳ್ಳಾಗಡ್ಡಿ ಬೆಳದ್ರ ಕಿತ್ತು ರಸ್ತೇಕ್ಕ ಸುರಿಯೂ ವರ್ಷಾನೂ ಬರ್ತಾವ. ಕಬ್ಬ ಹಚ್ಚಿದ್ರ ತಡಾ ಆದ್ರೂ ರೊಕ್ಕ ಬರೂದು ಖಾತ್ರಿ. ನೀ ಪಗಾರ ತಗೊಳ್ಳಾವ. ಖಾತ್ರಿ ನಿನಗ ಬೇಕು, ನನಗ ಬ್ಯಾಡೇನು?" ಎಂದ.

ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡದೆ ಕಬ್ಬಿನ ಬಗ್ಗೆ ನೀತಿಯ ಮಾತಾಡುವುದು ಸರಿಯಲ್ಲ. ಆದ್ದರಿಂದ ಅಣ್ಣ ಹೇಳುವ ಖಾತ್ರಿ ಎಂದರೆ ಏನು ಎಂಬುದನ್ನು ಮೊದಲು ನೋಡೋಣ.

ಕಬ್ಬಿಗೆ ಕಾನೂನಿನ ಬೆಂಬಲವಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಕಬ್ಬಿನ ಬೆಲೆ ನಿಗದಿ ಮಾಡುತ್ತದೆ. 2009ರ ತಿದ್ದುಪಡಿಯ ನಂತರ ಅದಕ್ಕೆ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ ಎಂಬ ಹೆಸರು ಬಂತು. 2025-26ರ ಹಂಗಾಮಿಗೆ ಅದು ಶೇ 10.25 ಇಳುವರಿ ಪ್ರಮಾಣಕ್ಕೆ ಕ್ವಿಂಟಲಿಗೆ 355 ರೂಪಾಯಿ. ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಕೊಡಬೇಕು. ಜೋಳಕ್ಕೆ, ತೊಗರಿಗೆ, ಕಡಲೆಗೆ ಬೆಂಬಲ ಬೆಲೆ ಘೋಷಣೆಯಾಗುತ್ತದೆ ನಿಜ. ಆದರೆ ಆ ಬೆಲೆಗಿಂತ ಕಡಿಮೆಗೆ ಕೊಂಡ ವ್ಯಾಪಾರಿಯನ್ನು ಕೇಳುವವರಿಲ್ಲ, ಸರ್ಕಾರದ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲಗಾರ ರೈತನ ಚೀಲ ಖಾಲಿಯಾಗಿರುತ್ತದೆ. ಖಾಸಗಿ ಕೊಳ್ಳುಗನೂ ನಿಗದಿತ ಬೆಲೆ ಕೊಡಲೇಬೇಕೆಂದು ಕಾನೂನು ಕಟ್ಟಿಹಾಕಿರುವ ಇಂಥ ಬೆಳೆ ನಮ್ಮ ಸೀಮೆಯ ಹೊಲದಲ್ಲಿ ಇನ್ನೊಂದಿಲ್ಲ.

ಇದರ ಮೇಲೆ ಬೆಳೆಯ ಸ್ವಭಾವವೂ ರೈತನ ಪರವಾಗಿದೆ. ಒಮ್ಮೆ ಹಚ್ಚಿದರೆ ಎರಡು ಮೂರು ವರ್ಷ ಕುಳೆ ಬರುತ್ತದೆ. ಒಂದು ವಾರ ನೀರು ತಪ್ಪಿದರೂ ಸಾಯುವುದಿಲ್ಲ, ನಾಲ್ಕು ದಿನ ನೀರು ನಿಂತರೂ ತಾಳಿಕೊಳ್ಳುತ್ತದೆ. ಆಳು ಸಿಗದ ಕಾಲದಲ್ಲಿ ಹೆಚ್ಚು ಆಳು ಕೇಳುವುದಿಲ್ಲ. ಕಬ್ಬಿದೆ ಎಂದರೆ ಸೊಸೈಟಿಯೂ ಬ್ಯಾಂಕೂ ಸಾಲಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಮಳೆ, ಮಾರುಕಟ್ಟೆ, ದಲ್ಲಾಳಿ ಈ ಮೂರರ ಕೈಯಲ್ಲಿ ಪೀಳಿಗೆಗಟ್ಟಲೆ ಸೋತ ಕುಟುಂಬವೊಂದು ಇಂಥ ಬೆಳೆಯನ್ನು ಆರಿಸಿಕೊಂಡರೆ ಅದನ್ನು ದುರಾಸೆ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಈ ಖಾತ್ರಿಯೂ ಪೂರ್ತಿ ಖಾತ್ರಿಯಲ್ಲ ಎಂಬುದು ಬೇರೆ ಮಾತು. ಎಫ್‌ಆರ್‌ಪಿಯಿಂದ ಕಟಾವು ಮತ್ತು ಸಾಗಣೆಯ ಖರ್ಚು ಮುರಿದುಕೊಂಡ ಮೇಲೆ ಉಳಿಯುವುದು ರೈತನಿಗೆ. ಬಿಲ್ಲು ಬಾಕಿ ಉಳಿದ ವರ್ಷಗಳಿವೆ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ ಕಬ್ಬಿನ ಬೆಲೆಗಾಗಿ ನಡೆದ ಧರಣಿಯಲ್ಲಿ ರೈತರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟರು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಸಾವಿರಾರು ರೈತರು ದಿನಗಟ್ಟಲೆ ರಸ್ತೆಯ ಮೇಲೆ ಕೂತರು, ಕೊನೆಗೆ ರಾಜ್ಯ ಸರ್ಕಾರ 3,300 ಎಂದಿತು. ಆದರೆ ಗಮನಿಸಿ, ಕೇಳಲು ಒಂದು ಬಾಗಿಲಾದರೂ ಇತ್ತು. ಜೋಳ ಬೆಳೆದವನು ಯಾವ ಕ್ರಾಸಿನಲ್ಲಿ, ಯಾರ ವಿರುದ್ಧ ಕೂರಬೇಕು?

ಇಲ್ಲಿಯವರೆಗೆ ನಾನು ಅಣ್ಣನ ಪಕ್ಷ. ಮುಂದಿನ ಹೆಜ್ಜೆಯಲ್ಲಿ ನನ್ನ ತೊಡಕು ಶುರುವಾಗುತ್ತದೆ. ಬರದ ಸೀಮೆಯಲ್ಲಿ ಅನಿಶ್ಚಿತತೆ ಎಂಬುದು ಕಾನೂನಿನಿಂದ ಮಾಯವಾಗುವ ವಸ್ತುವಲ್ಲ. ಮಳೆ ಎಷ್ಟು ಬರುತ್ತದೋ ಅಷ್ಟೇ ಬರುತ್ತದೆ. ಒಂದು ಹೊಲದ ನೀರು ಖಾತ್ರಿಯಾದರೆ ಇನ್ನೊಂದು ಹೊಲದ್ದು, ಇನ್ನೊಂದು ಊರಿನದ್ದು ಅಷ್ಟರಮಟ್ಟಿಗೆ ಅನುಮಾನಕ್ಕೆ ಬೀಳುತ್ತದೆ. ಕಬ್ಬಿನ ಖಾತ್ರಿ ಹೊಸದಾಗಿ ಹುಟ್ಟಿದ ಸಂಪತ್ತಲ್ಲ. ಹಾಗಿದ್ದರೆ ಅದು ಎಲ್ಲಿಂದ ಬಂತು? ನನಗೆ ತೋರುವ ಮಟ್ಟಿಗೆ ಮೂರು ಕಡೆಯಿಂದ: ನದಿಯ ಕೆಳಗಿನವರಿಂದ, ಕಬ್ಬು ಕಡಿಯುವವರಿಂದ, ಮತ್ತು ಮುಂದೆ ಹುಟ್ಟುವವರಿಂದ.

ನೀರಿನಿಂದ ಶುರುಮಾಡುತ್ತೇನೆ. ಕಬ್ಬಿಗೆ ತನ್ನ ಅವಧಿಯಲ್ಲಿ 1500ರಿಂದ 2500 ಮಿಲಿಮೀಟರ್ ನೀರು ಬೇಕು, ಜೋಳಕ್ಕೆ 450ರಿಂದ 650. ಬಾಗಲಕೋಟೆ ಸೀಮೆಯಲ್ಲಿ ಬೀಳುವುದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಕಬ್ಬಿನ ಪರ ಒಂದು ನ್ಯಾಯವಾದ ಮಾತೂ ಇದೆ: ಅದು ಹನ್ನೆರಡರಿಂದ ಹದಿನೆಂಟು ತಿಂಗಳು ನಿಲ್ಲುವ ಬೆಳೆ, ದಿನದ ಲೆಕ್ಕಕ್ಕೆ ಇಳಿಸಿದರೆ ಅಷ್ಟೇನೂ ರಾಕ್ಷಸ ಬಾಯಾರಿಕೆಯಲ್ಲ. ಒಪ್ಪುತ್ತೇನೆ. ಆದರೆ ದೋಷವಿರುವುದೂ ಅಲ್ಲೇ. ಜೋಳದವನು ಬೇಸಿಗೆಯಲ್ಲಿ ಹೊಲ ಬರಿದು ಬಿಟ್ಟು ನದಿಗೆ ಬಿಡುವು ಕೊಡುತ್ತಾನೆ. ಕಬ್ಬು ಏಪ್ರಿಲ್ ಮೇ ತಿಂಗಳಲ್ಲೂ, ಎಲ್ಲರಿಗೂ ನೀರು ಬೇಕಾದ ಹೊತ್ತಿನಲ್ಲೂ, ತನ್ನ ಪಾಲು ಕೇಳುತ್ತ ನಿಂತಿರುತ್ತದೆ.

ಪಕ್ಕದ ಮಹಾರಾಷ್ಟ್ರ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದೆ. ಅಲ್ಲಿ ಸಾಗುವಳಿ ಪ್ರದೇಶದ ಶೇ 4ಕ್ಕಿಂತ ಕಡಿಮೆ ಇರುವ ಕಬ್ಬು ನೀರಾವರಿಯ ನೀರಿನಲ್ಲಿ ಶೇ 70ರ ಹತ್ತಿರ ಬಳಸುತ್ತದೆ ಎಂದು ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಬರೆದಿತ್ತು. 2016ರ ಮಾರ್ಚಿನಲ್ಲಿ ಲಾತೂರಿನ ನೀರಿನ ತಾಣಗಳ ಸುತ್ತ ಜನ ಗುಂಪುಗೂಡದಂತೆ 144ನೇ ಸೆಕ್ಷನ್ ಹಾಕಬೇಕಾಯಿತು. ಏಪ್ರಿಲಿನಲ್ಲಿ ಮೀರಜಿನಿಂದ ಕೃಷ್ಣೆಯ ನೀರು ತುಂಬಿದ ರೈಲು 300ಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಲಾತೂರು ಮುಟ್ಟಿತು. ಮೊದಲ ರೈಲಿನಲ್ಲಿದ್ದದ್ದು ಸುಮಾರು 5 ಲಕ್ಷ ಲೀಟರ್. ಅದೇ ಮರಾಠವಾಡದ ಸಕ್ಕರೆ ಕಾರ್ಖಾನೆಗಳು ಆ ಹಂಗಾಮಿನಲ್ಲೂ ಕಬ್ಬು ಅರೆದಿದ್ದವು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕಬ್ಬಿಗೆ ಅತಿ ಕಡಿಮೆ, ಅಂದರೆ 1500 ಮಿಲಿಮೀಟರ್ ಹಿಡಿದರೂ ಒಂದು ಎಕರೆಗೆ 60 ಲಕ್ಷ ಲೀಟರ್ ಬೇಕು. ದೇಶವೇ ಬೆರಗಾಗಿ ನೋಡಿದ ಆ ರೈಲು ಹನ್ನೆರಡು ಸಲ ಓಡಿದರೆ ಒಂದು ಎಕರೆ ಕಬ್ಬು.

ಇದನ್ನು ಮಹಾರಾಷ್ಟ್ರದ ತಪ್ಪೆಂದು ಹೇಳಿ ಸುಮ್ಮನಾಗುವ ಹಾಗಿಲ್ಲ. ಬೇಸಿಗೆ ಬಂದರೆ ಕೊಯ್ನಾದಿಂದ ಕೃಷ್ಣೆಗೆ, ಉಜನಿಯಿಂದ ಭೀಮೆಗೆ ಕುಡಿಯುವ ನೀರು ಬಿಡಿ ಎಂದು ನಮ್ಮ ಸರ್ಕಾರ ಆ ಸರ್ಕಾರಕ್ಕೆ ಪತ್ರ ಬರೆಯುವುದು ಒಂದು ವಾಡಿಕೆಯಾಗಿದೆ. ಮೇಲಿನ ಸೊಲ್ಲಾಪುರದಲ್ಲಿ ಕಬ್ಬು, ಕೆಳಗಿನ ವಿಜಯಪುರ, ಕಲಬುರಗಿಗಳಲ್ಲಿ ಒಣ ಭೀಮೆ. ಆದರೆ ನಾವೂ ಯಾರಿಗೋ ಮೇಲಿನವರೇ. ಘಟಪ್ರಭೆಯ ಕಾಲುವೆಯ ತಲೆಭಾಗದಲ್ಲಿ ಕಬ್ಬು ನಿಂತರೆ ಕೊನೆಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಪತ್ರ ಬರೆಯಲು ಆ ರೈತನಿಗೆ ಸರ್ಕಾರವಿಲ್ಲ, ಅವನು ತಲೆಭಾಗದವನ ನೆಂಟನೂ ಆಗಿರಬಹುದು. ಅವನು ಬೋರ್‌ವೆಲ್ ಕೊರೆಸುತ್ತಾನೆ, ಅದೂ ಬತ್ತಿದರೆ ಮತ್ತೊಂದು. ತಲೆಭಾಗದ ಖಾತ್ರಿಗೆ ಅವನು ಬಡ್ಡಿ ಸಹಿತ ಕಟ್ಟುತ್ತಿದ್ದಾನೆ.

ಎರಡನೆಯದು ಮನುಷ್ಯರ ಮೈ. ನವರಾತ್ರಿ ದೀಪಾವಳಿ ಕಳೆಯುತ್ತಲೇ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರ ಬಾಗಲಕೋಟೆಯ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗಂಡ, ಹೆಂಡತಿ, ಕಂಕುಳಲ್ಲಿ ಕೂಸು, ಶಾಲೆ ಬಿಟ್ಟ ಹುಡುಗಿ. ಹೊಲದ ಬದಿಗೆ ತಾಡಪತ್ರಿಯ ಗುಡಾರ ಹಾಕುತ್ತಾರೆ. ರಾತ್ರಿ ಟ್ರ್ಯಾಕ್ಟರ್ ಬಂದರೆ ರಾತ್ರಿಯೇ ಹೊರೆ ಹೇರಬೇಕು. ಬೇಸಿಗೆಯಲ್ಲೇ ಗುತ್ತಿಗೆದಾರ ಮುಂಗಡ ಕೊಟ್ಟಿರುತ್ತಾನೆ, ಆ ಮುಂಗಡ ತೀರುವವರೆಗೆ ದುಡಿಯುವುದು. ಮಹಾರಾಷ್ಟ್ರದಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು 'ಕೋಯ್ತಾ' ಎಂದು ಎಣಿಸುತ್ತಾರೆ. ಕೋಯ್ತಾ ಎಂದರೆ ಕುಡಗೋಲು. ಎರಡು ಜೀವ, ಲೆಕ್ಕದಲ್ಲಿ ಒಂದು ಹತ್ಯಾರ.

2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಆರೋಗ್ಯದ ಬಗ್ಗೆ ಮಹಾರಾಷ್ಟ್ರ ಸರ್ಕಾರ ಒಂದು ಸಮಿತಿ ಮಾಡಬೇಕಾಯಿತು. ಸಮೀಕ್ಷೆಗೆ ಒಳಗಾದ 82 ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಕೋಶ ತೆಗೆಸಲಾಗಿತ್ತು. ಆರರಲ್ಲಿ ಒಬ್ಬರು. ದೇಶದ ಸರಾಸರಿ ನೂರಕ್ಕೆ ಮೂರರ ಆಸುಪಾಸು. ಮುಟ್ಟಿನ ನೋವಿಗೆ ಒಂದು ದಿನ ಮಲಗಿದರೆ ದಂಡ ಬೀಳುತ್ತದೆ, ಹೊಲದಲ್ಲಿ ಶೌಚಾಲಯವಿಲ್ಲ, ನೀರಿಲ್ಲ, ಸೋಂಕಾದರೆ ತೋರಿಸಿಕೊಳ್ಳಲು ಬಿಡುವಿಲ್ಲ. ಹೀಗಿರುವಾಗ ಪೀಡೆಯೇ ಹೋಗಲಿ ಎಂದು ಸಾಲ ಮಾಡಿ ಆಪರೇಷನ್ ಮಾಡಿಸಿಕೊಂಡ, ಇನ್ನೂ ನಲವತ್ತು ದಾಟದ ಹೆಂಗಸರ ಕಥೆಗಳು ಆಗ ಪತ್ರಿಕೆಗಳಲ್ಲಿ ಬಂದವು. ಆ ಸಾಲ ತೀರಿಸಲು ಮುಂದಿನ ಹಂಗಾಮಿಗೆ ಮತ್ತೆ ಮುಂಗಡ. ಕಾರ್ಖಾನೆಯ ಗಾಣ ಒಂದು ದಿನವೂ ನಿಲ್ಲಬಾರದು ಎಂಬ ಖಾತ್ರಿ ಅವರ ಹೊಟ್ಟೆಯೊಳಗಿನವರೆಗೆ ಹೋಗಿ ಮುಟ್ಟಿದೆ.

ಮೂರನೆಯದು ಮಣ್ಣು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಅಚ್ಚುಕಟ್ಟಿನಲ್ಲಿ 'ಸವಳು-ಜವಳು' ಎಂಬ ಮಾತು ಗೊತ್ತಿಲ್ಲದ ಮನೆಯಿಲ್ಲ. ಎರೆ ಭೂಮಿಗೆ ವರ್ಷಗಟ್ಟಲೆ ಒಂದೇ ಸಮ ನೀರು ಹಾಯಿಸಿದರೆ, ಬಸಿದು ಹೋಗಲು ದಾರಿಯಿಲ್ಲದೆ ನೀರು ಕೆಳಗೇ ನಿಂತು ಮೇಲೇರುತ್ತದೆ, ತನ್ನೊಡನೆ ಉಪ್ಪನ್ನೂ ತರುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಬೆಳ್ಳನೆಯ ಹುಡಿ ಕಾಣಿಸುತ್ತದೆ. ಮೊದಲು ಕಡಲೆ ಬರುವುದಿಲ್ಲ, ಆಮೇಲೆ ಗೋದಿ ಬರುವುದಿಲ್ಲ, ಕಬ್ಬು ಇನ್ನೂ ಕೆಲವು ವರ್ಷ ಬಡಕಲಾಗಿ ಬರುತ್ತದೆ, ಕೊನೆಗೆ ಜಾಲಿ. ನೆಲದಡಿ ಕೊಳವೆ ಹುಗಿದು ಬಸಿಗಾಲುವೆ ಮಾಡಿದರೆ ಸುಧಾರಿಸುತ್ತದೆ, ಆದರೆ ಆ ಖರ್ಚು ಸಣ್ಣ ಹಿಡುವಳಿದಾರನ ಕೈಗೆ ಎಟುಕುವುದಿಲ್ಲ. ಇಲ್ಲಿ ಪೆಟ್ಟು ತಿನ್ನುವವನು ಪರಕೀಯನಲ್ಲ, ಬೆಳೆದವನ ಮೊಮ್ಮಗ. ಅಜ್ಜನ ಖಾತ್ರಿಗೆ ಮೊಮ್ಮಗನ ಸಹಿ ಬಿದ್ದಿದೆ, ಅವನು ಹುಟ್ಟುವ ಮೊದಲೇ.

ಈಗ ಹೊಣೆಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಪ್ರತಿಯೊಬ್ಬನಿಗೂ ಒಂದು ಉತ್ತರವಿದೆ, ಮತ್ತು ಪ್ರತಿ ಉತ್ತರವೂ ಅರ್ಧ ನಿಜ. ನನ್ನ ಎರಡು ಎಕರೆ ಬಿಟ್ಟರೆ ಭೀಮೆ ತುಂಬುತ್ತದೆಯೇ ಎನ್ನುತ್ತಾನೆ ರೈತ. ಸಕ್ಕರೆಯ ಬೆಲೆ ನನ್ನ ಕೈಯಲ್ಲಿಲ್ಲ, ಕಬ್ಬಿನ ಬೆಲೆಯೂ ಇಲ್ಲ, ಕೂಲಿಯವರನ್ನು ಕರೆತರುವವನು ಗುತ್ತಿಗೆದಾರ ಎನ್ನುತ್ತದೆ ಕಾರ್ಖಾನೆ. ನಾನು ಕೊಟ್ಟ ಮುಂಗಡ ತೆಗೆದುಕೊಂಡು ಓಡಿಹೋದವರಿದ್ದಾರೆ, ನನ್ನ ನಷ್ಟ ಕೇಳುವವರ್‍ಯಾರು ಎನ್ನುತ್ತಾನೆ ಗುತ್ತಿಗೆದಾರ. ಒಂದು ಚಮಚ ಸಕ್ಕರೆಗೆ ಇಷ್ಟೆಲ್ಲ ಯೋಚಿಸಬೇಕೇ ಎನ್ನುತ್ತಾನೆ ಚಹಾ ಕುಡಿಯುವವನು. ಅಪರಾಧವನ್ನು ಇಷ್ಟು ಜನರ ನಡುವೆ ಹಂಚಿದರೆ ಪ್ರತಿಯೊಬ್ಬನ ಪಾಲಿಗೆ ಬರುವುದು ಕಾಣದಷ್ಟು ಸಣ್ಣ ಚೂರು. ಆದರೆ ಬೀಡಿನ ಆ ಹೆಂಗಸಿನ ಪಾಲಿಗೆ ಬಂದ ನೋವು ಹೀಗೆ ಚೂರಾಗಿ ಬರುವುದಿಲ್ಲ. ಅದು ಇಡಿಯಾಗಿ ಒಬ್ಬಳ ಮೈಮೇಲೆ ಬೀಳುತ್ತದೆ.

ಆದ್ದರಿಂದ ಅಪರಾಧದ ಭಾಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದು ನನಗೆ ತೋರುತ್ತದೆ. ಅಪರಾಧ ಎಂದ ಕೂಡಲೇ 'ನಾನೇನು ಮಾಡಿದೆ' ಎಂದು ಎಲ್ಲರೂ ಕೈ ತೋರಿಸುತ್ತಾರೆ, ಕೈಗಳು ನಿಜಕ್ಕೂ ಸ್ವಚ್ಛವಾಗಿಯೇ ಕಾಣುತ್ತವೆ. ನಮ್ಮ ಭಾಷೆಯಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಉಪಯೋಗದ ಇನ್ನೊಂದು ಮಾತಿದೆ: ಋಣ. ಅನ್ನದ ಋಣ, ಮಣ್ಣಿನ ಋಣ, ತಾಯಿಯ ಋಣ ಎನ್ನುತ್ತೇವೆ. ತಾಯಿಗೆ ನಾವು ಏನೋ ಕೆಟ್ಟದ್ದು ಮಾಡಿದ್ದಕ್ಕೆ ಋಣಿಗಳಲ್ಲ. ಆಕೆಯಿಂದ ಪಡೆದಿದ್ದೇವೆ, ಅಷ್ಟೇ ಸಾಕು. ತಪ್ಪು ಕೇಳುವುದು 'ನೀನು ಏನು ಮಾಡಿದೆ' ಎಂದು. ಋಣ ಕೇಳುವುದು 'ನೀನು ಏನು ಪಡೆದೆ, ಯಾರಿಂದ' ಎಂದು. ಮೊದಲ ಪ್ರಶ್ನೆಗೆ ಅಣ್ಣನೂ ನಾನೂ ತಲೆಯೆತ್ತಿ ಉತ್ತರ ಕೊಡಬಲ್ಲೆವು. ಎರಡನೆಯದಕ್ಕೆ ಅಷ್ಟು ಸಲೀಸಾಗಿ ಆಗುವುದಿಲ್ಲ. ನನ್ನ ಕಾಲೇಜಿನ ಫೀಜಿನಲ್ಲಿ ಕಾಲುವೆಯ ಕೊನೆಯವನ ನೀರಿತ್ತು, ಯಾವುದೋ ತಾಂಡಾದ ಹುಡುಗಿ ತಪ್ಪಿಸಿಕೊಂಡ ಶಾಲೆಯಿತ್ತು. ಅದು ನನ್ನ ಅಪರಾಧವಲ್ಲ, ನನ್ನ ಋಣ.

ಈ ವ್ಯತ್ಯಾಸ ಬರೀ ಮಾತಿನ ಆಟವಲ್ಲ. ದಾನ ಮಾಡುವವನು ಎಷ್ಟು ಕೊಡಬೇಕೆಂದು ತಾನೇ ತೀರ್ಮಾನಿಸುತ್ತಾನೆ. ಋಣದಲ್ಲಿ ಆ ಸ್ವಾತಂತ್ರ್ಯವಿಲ್ಲ, ಅಲ್ಲಿ ಲೆಕ್ಕವಿದೆ, ಕೇಳುವವರಿಗೆ ಹಕ್ಕಿದೆ. ಕಾರ್ಖಾನೆ ಹಂಗಾಮಿನಲ್ಲಿ ಒಂದು ದಿನ ಆರೋಗ್ಯ ಶಿಬಿರ ಮಾಡಿ ಕಂಬಳಿ ಹಂಚಿದರೆ ಅದು ದಾನ. ಕಡಿಯುವ ಹೆಂಗಸಿಗೆ ಅವಳದೇ ಹೆಸರಿನಲ್ಲಿ ಕೂಲಿ, ಮುಟ್ಟಿನ ದಿನದ ರಜೆ, ಗುಡಾರದ ಬಳಿ ಶೌಚಾಲಯ, ಮಕ್ಕಳಿಗೆ ಶಾಲೆ ಇವನ್ನು ಕೊಟ್ಟರೆ ಅದು ಸಾಲದ ಕಂತು.

ಕಬ್ಬು ನಾಡು ಕಟ್ಟಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಡವೇ ಎಂದು ಕೇಳುವವರಿದ್ದಾರೆ. ಹಿಡಿಯಲೇಬೇಕು. ಕೃಷ್ಣರಾಜಸಾಗರದ ನೀರು, 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿ, ಅದರ ಹಿಂದೆ ದುಡಿದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, ಇವಿಲ್ಲದೆ ಇಂದಿನ ಮಂಡ್ಯವಿಲ್ಲ. 1950ರಲ್ಲಿ ಪ್ರವರಾನಗರದಲ್ಲಿ ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಅರ್ಥಶಾಸ್ತ್ರಜ್ಞ ಡಿ.ಆರ್. ಗಾಡ್ಗೀಳರು ರೈತರದೇ ಸಹಕಾರಿ ಕಾರ್ಖಾನೆ ನಡೆಸಿ ತೋರಿಸಿದಾಗ ಅದು ಸಾಹುಕಾರರ ಕೈಯಿಂದ ರೈತ ಬಿಡುಗಡೆಯಾದ ಗಳಿಗೆಯಾಗಿತ್ತು. ಶಾಲೆ, ಆಸ್ಪತ್ರೆ, ಇಂಜಿನಿಯರಿಂಗ್ ಕಾಲೇಜುಗಳು ಅದರ ಹಿಂದೆ ಬಂದವು.

ಆದರೆ ಆ ಏಳಿಗೆ ಯಾರವರೆಗೆ ಮುಟ್ಟಿತು ಎಂಬುದಕ್ಕೆ ಮಂಡ್ಯವೇ ಒಂದು ಹಳೆಯ ಸಾಕ್ಷ್ಯ ಕೊಟ್ಟಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1950ರ ದಶಕದ ನಡುವಿನಲ್ಲಿ ಅಲ್ಲಿನ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿ 1962ರಲ್ಲಿ ಪುಸ್ತಕ ಬರೆದರು. ಅದರಲ್ಲಿ ವಂಗಾಲ ಎಂದು ಬರುವ ಊರಿಗೆ ಕಾಲುವೆ ನೀರು ಬಂದು ಕಬ್ಬು ಬಂತು. ದಲೇನ ಎಂಬ ಊರು ಒಣಗಿಯೇ ಉಳಿಯಿತು. ನೀರು ಬಂದ ಊರಿನಲ್ಲಿ ಒಕ್ಕಲು ಮನೆಗಳು ಸಿರಿವಂತವಾದವು, ಆದರೆ ಅವರಿಗೂ ದಲಿತ ಆಳುಗಳಿಗೂ ಇದ್ದ ವಂಶಪಾರಂಪರ್ಯದ ಕಟ್ಟು ಹಾಗೇ ಉಳಿಯಿತು. ನೀರು ಬಾರದ ಊರಿನವರು ಕಾರ್ಖಾನೆಯ ನೌಕರಿ, ವ್ಯಾಪಾರ ಎಂದು ಹೊರಗೆ ಹೊರಟರು, ಅಲ್ಲಿ ಹಳೆಯ ಕಟ್ಟುಗಳು ಸಡಿಲಾದವು. ನೀರು ಭೂಮಿಯ ಒಡೆಯನಿಗೆ ಖಾತ್ರಿ ಕೊಟ್ಟಿತು. ಆಳಿಗೆ ಖಾತ್ರಿಯಾದದ್ದು ಆಳುತನ ಮಾತ್ರ.

ಇನ್ನು ತಂತ್ರಜ್ಞಾನದ ಉತ್ತರ. ಹನಿ ನೀರಾವರಿ ಮಾಡಿ, ನೀರು ಉಳಿಯುತ್ತದೆ ಎನ್ನುತ್ತಾರೆ. ನಿಜ, ಎಕರೆಗೆ ಬೇಕಾದ ನೀರು ಗಣನೀಯವಾಗಿ ಇಳಿಯುತ್ತದೆ. ಆದರೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಕಡೆ ನೋಡಿದವರಿಗೆ ಗೊತ್ತು: ನದಿಗಲ್ಲ, ಪಕ್ಕದ ಎಕರೆಯ ಹೊಸ ಕಬ್ಬಿಗೆ. ಕೊಳವೆಯಿಂದ ನೀರು ಉಳಿಸಬಹುದು. ಉಳಿದದ್ದು ಯಾರದು ಎಂಬುದನ್ನು ಕೊಳವೆ ಹೇಳುವುದಿಲ್ಲ.

ಎಥನಾಲ್ ಇದಕ್ಕಿಂತ ದೊಡ್ಡ ಉತ್ತರ. ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಈಗ ಮೆಕ್ಕೆಜೋಳ, ಅಕ್ಕಿಯಿಂದಲೂ ತೆಗೆಯುತ್ತಾರೆ, ಆದರೆ ಕಬ್ಬಿನ ಕಾರ್ಖಾನೆಗಳಿಗೆ ಅದು ಸಕ್ಕರೆಯ ಬೆಲೆ ಬಿದ್ದಾಗಲೂ ಕೈಹಿಡಿಯುವ ಎರಡನೇ ಗಿರಾಕಿ. ರೈತನ ಬಿಲ್ಲು ಬೇಗ ಬರಲು ಅದು ನೆರವಾಗಿದೆ ಎಂಬುದನ್ನೂ ಹೇಳಬೇಕು. ಅದೇ ಹೊತ್ತಿಗೆ ನೀತಿ ಆಯೋಗದ 2021ರ ವರದಿಯಲ್ಲಿ ಇನ್ನೊಂದು ಸಂಖ್ಯೆಯಿದೆ: ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ತಯಾರಾಗಲು ಸುಮಾರು 2,860 ಲೀಟರ್ ನೀರು ಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ, ಸಕ್ಕರೆ ಸಾಲದೆ ಹೋದೀತೆಂದು ಸರ್ಕಾರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ತಡೆ ಹಾಕಬೇಕಾಯಿತು. ಹೊರದೇಶದ ತೈಲದ ಅನಿಶ್ಚಿತತೆಯಿಂದ ಪಾರಾಗಲು ನಾವು ಇನ್ನೊಂದು ಅನಿಶ್ಚಿತತೆಯನ್ನು ಭೀಮಾ ಕೃಷ್ಣೆಯರ ದಂಡೆಗೆ ತಂದಿಟ್ಟಿದ್ದೇವೆ. ಊರಿನಲ್ಲಿ ಅಣ್ಣ ಮಾಡಿದ್ದನ್ನೇ ದೇಶವೂ ಮಾಡುತ್ತಿದೆ.

ಹಾಗಿದ್ದರೆ ಕಬ್ಬು ಬೇಡವೇ? ನಿಷೇಧಿಸಿ ಎಂದು ಹೇಳುವುದು ಅಣ್ಣನ ಪ್ರಶ್ನೆಗೆ ಉತ್ತರವಾಗುವುದಿಲ್ಲ, ಅವನ ಖಾತ್ರಿಯನ್ನು ಕಿತ್ತುಕೊಂಡಂತಾಗುತ್ತದೆ. ನನಗೆ ದಾರಿ ಕಾಣುವುದು ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾವಿನಲ್ಲಿ. 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಎಂಬ ಇಂಜಿನಿಯರ್ ಅಲ್ಲಿ 'ಪಾಣಿ ಪಂಚಾಯತ್' ಕಟ್ಟಿದರು. ಅದರ ನಿಯಮಗಳು ಸರಳ. ನೀರಿನ ಹಕ್ಕು ಭೂಮಿಗಲ್ಲ, ತಲೆಗೆ. ಮನೆಯ ಪ್ರತಿ ಸದಸ್ಯನಿಗೆ ಅರ್ಧ ಎಕರೆಗೆ ಸಾಲುವಷ್ಟು ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಹೊಲ ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುವುದಿಲ್ಲ. ಭೂಮಿಯಿಲ್ಲದವನಿಗೂ ನೀರಿನ ಪಾಲಿದೆ. ಆ ನೀರಿನಲ್ಲಿ ಕಬ್ಬು ಬೆಳೆಯುವ ಹಾಗಿಲ್ಲ. ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಕೂಡ ಪ್ರತಿ ವರ್ಷ ಬಿದ್ದ ಮಳೆಯ ಲೆಕ್ಕ ಹಾಕಿ, ಕುಡಿಯುವುದಕ್ಕೆ ದನಕ್ಕೆ ಎಂದು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಯಾವ ಬೆಳೆ ಎಂದು ಗ್ರಾಮಸಭೆಯಲ್ಲಿ ಕೂತು ತೀರ್ಮಾನಿಸುತ್ತ ಬಂದಿದೆ. ಅಲ್ಲಿಯೂ ಕಬ್ಬು, ಬಾಳೆಗೆ ಜಾಗವಿಲ್ಲ. ಎರಡೂ ಕಡೆ ಕಬ್ಬು ಬಿಟ್ಟದ್ದು ನಿಜಕ್ಕೂ ಎರಡನೆಯ ಸಂಗತಿ. ಖಾತ್ರಿಯನ್ನು ಕೆಲವರಿಗೆ ತುಂಬಾ ಕೊಡುವ ಬದಲು ಎಲ್ಲರಿಗೂ ಸ್ವಲ್ಪ ಕೊಡೋಣ ಎಂದು ಜನ ಒಪ್ಪಿದ್ದು ಮೊದಲನೆಯದು.

ಈ ಪ್ರಯೋಗಗಳು ಇಡೀ ರಾಜ್ಯದ ನೀತಿಯಾಗಲಿಲ್ಲ. ಆಗದಿರಲು ಕಾರಣವೂ ಕಾಣುತ್ತದೆ: ಎರಡೂ ರಾಜ್ಯಗಳಲ್ಲಿ ಕಾರ್ಖಾನೆಯ ಆಡಳಿತ ಮಂಡಳಿಯಿಂದ ವಿಧಾನಸಭೆಗೆ ಹೋಗುವ ದಾರಿ ಹತ್ತಿರದ್ದು, ಅದರಲ್ಲಿ ಪಕ್ಷಭೇದವಿಲ್ಲ. ಆದರೂ ಋಣ ತೀರಿಸುವುದು ಹೇಗೆ ಎಂಬುದನ್ನು ಅವು ತೋರಿಸಿವೆ. ಕಬ್ಬಿಗಿರುವ ಕಾನೂನಿನ ಬೆನ್ನೆಲುಬಿನಲ್ಲಿ ಒಂದು ಪಾಲನ್ನಾದರೂ ಜೋಳಕ್ಕೆ, ತೊಗರಿಗೆ, ಕಡಲೆಗೆ ಕೊಟ್ಟರೆ ಅಣ್ಣ ತನ್ನ ಹೊಲದ ಅರ್ಧವನ್ನು ನಾಳೆಯೇ ಬದಲಿಸಿಯಾನು. ತಲೆಭಾಗದ ಕಬ್ಬಿಗೆ ಹರಿಯುವ ನೀರಿನ ಅಳತೆಯಾಗಬೇಕು, ಕೊನೆಭಾಗದವನ ಪಾಲು ಮುಟ್ಟಿದ ಮೇಲೆಯೇ ಹೆಚ್ಚಿನದು. ದೇಶದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ತಂಪು ಪಾನೀಯ, ಬಿಸ್ಕತ್ತು, ಸಿಹಿತಿಂಡಿಯ ಉದ್ಯಮಕ್ಕೆ. ಅವರ ಲೆಕ್ಕದಲ್ಲೂ, ನನ್ನಂಥ ಸಂಬಳದವರ ಚಹಾದ ಲೆಕ್ಕದಲ್ಲೂ ಕಡಿಯುವವರ ಕೂಲಿ, ಸವಳಾದ ನೆಲದ ಖರ್ಚು ಸೇರಬೇಕು. ಸಕ್ಕರೆ ಒಂದೆರಡು ರೂಪಾಯಿ ತುಟ್ಟಿಯಾದರೆ ಕೂಗೆಬ್ಬಿಸುವ ನಾವು, ಅದು ಇಷ್ಟು ಅಗ್ಗವಾಗಿದ್ದದ್ದು ಯಾರ ದಯೆಯಿಂದ ಎಂದು ಕೇಳಿಕೊಂಡಿಲ್ಲ.

ಈಗಿರುವ ಲೆಕ್ಕದ ಪುಸ್ತಕ ತಲೆಕೆಳಗಾಗಿದೆ. ಗುತ್ತಿಗೆದಾರನ ವಹಿಯಲ್ಲಿ ಸಾಲಗಾರರೆಂದು ದಾಖಲಾಗಿರುವವರು ಕಬ್ಬು ಕಡಿಯುವ ಗಂಡ ಹೆಂಡತಿ. ಮುಂಗಡ ಇಷ್ಟು, ದಂಡ ಇಷ್ಟು, ಬಾಕಿ ಇಷ್ಟು. ನಿಜಕ್ಕೂ ಬಾಕಿ ಇರುವವರು ಅವರಲ್ಲ. ಅವರಿಂದ ಪಡೆದ ಕಾರ್ಖಾನೆ, ಹೊಲದೊಡೆಯ, ಸರ್ಕಾರ, ನಾನು, ನೀವು ಎಲ್ಲರೂ ಆ ವಹಿಯ ಇನ್ನೊಂದು ಬದಿಯಲ್ಲಿ ಇರಬೇಕಾದವರು. ಎಲ್ಲಿಂದ ತಿದ್ದಲು ಶುರುಮಾಡುವುದು ಎಂದು ಕೇಳಿದರೆ ನಾನು ಸಣ್ಣದೊಂದನ್ನು ಹೇಳುತ್ತೇನೆ: ಒಂದು ಕೋಯ್ತಾ ಎಂದು ಬರೆದಿರುವಲ್ಲಿ ಎರಡು ಹೆಸರು ಬರೆಯಲಿ. ಹೆಂಗಸಿನ ಹೆಸರು ಅವಳದೇ ಸಾಲಿನಲ್ಲಿ, ಅದರ ಮುಂದೆ ಅವಳದೇ ಕೂಲಿ. ನಾವು ಕೊಡಬೇಕಾದ್ದು ಎಷ್ಟು ಎಂಬ ಲೆಕ್ಕ ಅಲ್ಲಿಂದ ಮುಂದೆ ತೆಗೆಯಬಹುದು.